ಬಿಸಿ03, ಎಂ05, ಎಫ್‌ಎಸ್‌ಪಿಎಸ್: ನಕ್ಷತ್ರಗುಚ್ಛಗಳ ಬೆಳಕಿಗೆ ಹಿಡಿದಾಗ

ವಿಜಯಪುರ, ಬೆಳಗಾವಿ ಕಡೆಯ ಎಂ.ಎಸ್ಸಿ. ಹುಡುಗರು ಪ್ರಾಜೆಕ್ಟಿಗೆ ಗೆಲಾಕ್ಸಿ ಕೈಗೆತ್ತಿಕೊಂಡ ಕೂಡಲೇ ಕೇಳುವುದು, ಯಾವ ಮಾಡೆಲ್ ಬಳಸಬೇಕು ಅಂತ. ಮಾಡೆಲ್ ಅಂದರೆ ಇಂತಿಷ್ಟು ವಯಸ್ಸು, ಲೋಹಾಂಶ (ಹೀಲಿಯಂಗಿಂತ ಭಾರದ ಧಾತುಗಳ ಪಾಲು) ಇರುವ ತಾರಾಸಮೂಹದ ಬೆಳಕು, ಬಣ್ಣ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ. ಇಲ್ಲಿ ಮೂರಿವೆ: ಬಿಸಿ03 (ಬ್ರುಝುವಲ್–ಶಾರ್ಲೊ ಅವರದ್ದು), ಎಂ05 (ಮರಾಸ್ಟನ್ ಅವರದ್ದು), ಎಫ್‌ಎಸ್‌ಪಿಎಸ್ (ಕಾನ್ರಾಯ್ ತಂಡದ್ದು). ಮೂರನ್ನೂ ಮೆಗೆಲಾನಿಕ್ ಮೋಡಗಳ (ನಮ್ಮ ಗೆಲಾಕ್ಸಿಯ ಪಕ್ಕದ ಎರಡು ಚಿಕ್ಕ ಗೆಲಾಕ್ಸಿಗಳ) ನಕ್ಷತ್ರಗುಚ್ಛಗಳಿಗೆ ಹಿಡಿದು ನೋಡಿದರೆ ದೊಡ್ಡ ತಕರಾರು ಒಂದೇ ಕಡೆ: ಸುಮಾರು 20 ಕೋಟಿಯಿಂದ 200 ಕೋಟಿ ವರ್ಷದ ಗುಚ್ಛಗಳ ವಿ−ಕೆ ಬಣ್ಣದಲ್ಲಿ (ಕಣ್ಣಿಗೆ ಕಾಣುವ ವಿ, ಅವಗೆಂಪಿನ ಕೆ ಪಟ್ಟಿಗಳ ಮ್ಯಾಗ್ನಿಟ್ಯೂಡ್ ಅಂದರೆ ಕಾಂತಿಮಾನದ ವ್ಯತ್ಯಾಸ; ಹೆಚ್ಚಿದಷ್ಟೂ ಕೆಂಪು). ಆ ವಯಸ್ಸಿನಲ್ಲಿ ಕೆಲವೇ ಎಜಿಬಿ ದೈತ್ಯರು (ಬದುಕಿನ ಕೊನೆಗೆ ಬಂದ, ಉಬ್ಬಿದ ಕೆಂಪು ತಾರೆಗಳು) ಅವಗೆಂಪು ಬೆಳಕಿನ ದೊಡ್ಡ ಪಾಲು ಹೊತ್ತಿರುತ್ತಾರೆ.

2005ರ ಎಂ05 ಈ ದೈತ್ಯರಿಗೆ ಹೆಚ್ಚು ಬೆಳಕು ಕೊಡುತ್ತದೆ. ಹಾಗಾಗಿ ವಿ−ಕೆ ಬೇಕಾದ್ದಕ್ಕಿಂತ ಕೆಂಪು. 2003ರ ಬಿಸಿ03 ಇಲ್ಲಿ ಸೌಮ್ಯ. ಎಫ್‌ಎಸ್‌ಪಿಎಸ್‌ನಲ್ಲಿ ಮಾತ್ರ ಈ ಹಂತದ ಕಾಂತಿಯನ್ನೂ ಉಷ್ಣತೆಯನ್ನೂ 'ಡೆಲ್‌ಎಲ್', 'ಡೆಲ್‌ಟಿ' ಎಂಬ ಎರಡು ಗುಂಡಿಗಳಿಂದ ನಾವೇ ತಿರುಗಿಸಬಹುದು. ಆದರೆ ಎಂ05, ಎಫ್‌ಎಸ್‌ಪಿಎಸ್ ಎರಡನ್ನೂ ಹದ ಮಾಡಿದ್ದೇ ಮೆಗೆಲಾನಿಕ್ ಗುಚ್ಛಗಳ ಮೇಲೆ. ಪ್ರಶ್ನೆಪತ್ರಿಕೆ ಮೊದಲೇ ನೋಡಿದವನ ಅಂಕಗಳನ್ನು ಎಷ್ಟು ನಂಬುತ್ತೀರೋ ಇವುಗಳ ಹೊಂದಾಣಿಕೆಯನ್ನೂ ಅಷ್ಟೇ ನಂಬಿ.

ಕೆಲಸ ಕೆಡುವುದು ಬಹುಪಾಲು ಮಾಡೆಲ್‌ನಿಂದಲ್ಲ. ಪೈಥಾನ್ ಎಫ್‌ಎಸ್‌ಪಿಎಸ್ ಬೇರೆ ಹೇಳದಿದ್ದರೆ ಮ್ಯಾಗ್ನಿಟ್ಯೂಡಿನ ಎಬಿ ಮಾನದಲ್ಲೇ ಉತ್ತರ ಕೊಡುತ್ತದೆ. ಗುಚ್ಛಗಳ ಹಳೆಯ ಪಟ್ಟಿಗಳು ವೇಗಾ ಮಾನದಲ್ಲಿವೆ; ಎರಡರ ಸೊನ್ನೆ ಬೇರೆ ಬೇರೆ. ವಿ−ಕೆಯಲ್ಲಿ ಇದೊಂದೇ ಸುಮಾರು 1.8 ಮ್ಯಾಗ್ನಿಟ್ಯೂಡ್ ವ್ಯತ್ಯಾಸ, ಮೂರು ಮಾಡೆಲ್‌ಗಳ ಜಗಳಕ್ಕಿಂತ ದೊಡ್ಡದು. 'ಝಡ್‌ಕಂಟಿನ್ಯೂಯಸ್' ಸೊನ್ನೆಯಲ್ಲೇ ಬಿಟ್ಟರೆ ನೀವು ಕೊಟ್ಟ 'ಲಾಗ್‌ಝಡ್‌ಸೋಲ್' (ಸೂರ್ಯನಿಗೆ ಹೋಲಿಸಿದ ಲೋಹಾಂಶದ ಲಾಗ್) ಲೆಕ್ಕಕ್ಕೇ ಬರುವುದಿಲ್ಲ, ಎಚ್ಚರಿಕೆಯ ಸಂದೇಶವೂ ಇಲ್ಲ. 'ಝಡ್‌ಕಂಟಿನ್ಯೂಯಸ್' ಅನ್ನು 1 ಮಾಡಿ, ದೊಡ್ಡ ಮೆಗೆಲಾನಿಕ್ ಮೋಡದ ನಡುವಯಸ್ಸಿನ ಗುಚ್ಛಗಳಿಗೆ 'ಲಾಗ್‌ಝಡ್‌ಸೋಲ್' ಅನ್ನು −0.4ರಿಂದ ಶುರು ಮಾಡಿ. ಬಿಸಿ03ರಲ್ಲಿ ಅದಕ್ಕೆ ಸರಿಯಾದದ್ದು 0.008 ಲೋಹಾಂಶದ ಕಡತ. ಧೂಳಿನ ಇ(ಬಿ−ವಿ), ಅಂದರೆ ಧೂಳು ಬೆಳಕನ್ನು ಕೆಂಪಾಗಿಸುವ ಪ್ರಮಾಣ, 0.1 ಇದ್ದರೆ ಅಳೆದ ವಿ−ಕೆಯಿಂದ ಸುಮಾರು 0.27 ಕಳೆಯಬೇಕು. ವಿ ಮತ್ತು ಕೆ ಎರಡಕ್ಕೂ ಬೆಳಕು ಅಳೆಯುವ ವೃತ್ತ ಒಂದೇ ಅಳತೆಯದಿರಲಿ.

ಒಂದೊಂದೇ ಗುಚ್ಛಕ್ಕೆ ಕೈ-ವರ್ಗ (χ², ಮಾಡೆಲ್ ಅಳತೆಗೆ ಎಷ್ಟು ಹೊಂದುತ್ತದೆ ಎಂಬ ಲೆಕ್ಕ) ಹಾಕಿ ಗೆದ್ದವರನ್ನು ಘೋಷಿಸಬೇಡಿ. ಹತ್ತು ಸಾವಿರ ಸೌರರಾಶಿಯ ಗುಚ್ಛದಲ್ಲಿ ಎಜಿಬಿ ದೈತ್ಯರು ಬೆರಳೆಣಿಕೆಯಷ್ಟು. ಒಬ್ಬ ಹೆಚ್ಚಾದರೂ ಕಡಿಮೆಯಾದರೂ ಕೆ ಬೆಳಕು ಜಿಗಿಯುತ್ತದೆ. ವಯಸ್ಸಿನ ಗುಂಪು ಮಾಡಿ, ಗುಂಪಿನೊಳಗಿನ ಬೆಳಕನ್ನು (ಮ್ಯಾಗ್ನಿಟ್ಯೂಡ್‌ಗಳನ್ನಲ್ಲ) ಕೂಡಿಸಿ, ಆಮೇಲೆ ಬಣ್ಣ ತೆಗೆಯಿರಿ.

ವಿಜಯಪುರದಿಂದ ದೊಡ್ಡ ಮೋಡ ದಿಗಂತಕ್ಕಿಂತ ಮೂರೂವರೆ ಡಿಗ್ರಿಯಷ್ಟೇ ಮೇಲೇರುವುದು. ದತ್ತಾಂಶ ಆರ್ಕೈವಿನಿಂದಲೇ ತರಬೇಕು. ಬೇಸಿಗೆಯಲ್ಲಿ ದಕ್ಷಿಣಕ್ಕೆ 25 ಡಿಗ್ರಿ ಎತ್ತರದಲ್ಲಿ ಬೈನಾಕ್ಯುಲರ್‌ಗೆ ಚೆನ್ನಾಗಿ ಸಿಗುವ ಒಮೆಗಾ ಸೆಂಟಾರಿ ಗುಚ್ಛವನ್ನು ನೆಚ್ಚಬೇಡಿ. ಅದರೊಳಗೆ ಬೇರೆ ಬೇರೆ ಲೋಹಾಂಶದ ಪೀಳಿಗೆಗಳಿವೆ, ಏಕ ವಯಸ್ಸಿನ ಮಾಡೆಲ್‌ಗೆ ಅದು ಒರೆಗಲ್ಲಲ್ಲ.

ಮುದಿ ಗೋಳಗುಚ್ಛಗಳಿಗೆ ಬಂದರೆ ಎಜಿಬಿ ಜಗಳ ತಣ್ಣಗಾಗುತ್ತದೆ, ನೀಲಿ ಸಮತಲ ಶಾಖೆ (ಒಡಲಲ್ಲಿ ಹೀಲಿಯಂ ಉರಿಸುವ ಬಿಸಿ ಮುದಿ ತಾರೆಗಳು) ತಲೆನೋವಾಗುತ್ತದೆ. ಎನ್‌ಜಿಸಿ 6388, 6441 ಲೋಹ ಹೆಚ್ಚಿದ್ದರೂ ಬಿಸಿ ನೀಲಿ ತಾರೆಗಳನ್ನು ಇಟ್ಟುಕೊಂಡಿವೆ. ಅದರಿಂದ ವರ್ಣಪಟಲದಲ್ಲಿ ಹೈಡ್ರೋಜನ್ನಿನ ಎಚ್-ಬೀಟಾ ಗೆರೆ ಆಳವಾಗಿ, ವಯಸ್ಸು ಕಡಿಮೆ ತೋರುತ್ತದೆ. ಎಂ05ರಲ್ಲಿ ಇದಕ್ಕೆ ಕೆಂಪು, ನೀಲಿ ಶಾಖೆಯ ಬೇರೆ ಬೇರೆ ಕಡತಗಳಿವೆ. ಎಫ್‌ಎಸ್‌ಪಿಎಸ್‌ನಲ್ಲಿ 'ಎಫ್‌ಬಿಎಚ್‌ಬಿ' (ನೀಲಿ ಶಾಖೆಯ ತಾರೆಗಳ ಪಾಲು) ಸ್ವಲ್ಪಸ್ವಲ್ಪವೇ ಏರಿಸಬಹುದು, ನಮಗೆ ಹಿಡಿಸಿದ್ದು ಇದೇ. ಬಿಸಿ03ರ ಸಿದ್ಧ ಕಡತಗಳಲ್ಲಿ ಅಂಥ ಗುಂಡಿ ಇಲ್ಲ.