ಡಿಕಾನ್ಫ್ ಎಡಿಟರ್ ಜೊತೆ ಆರು ವರ್ಷ: ಶಾಲೆಯ ಲ್ಯಾಬ್‌ನಲ್ಲಿ, ಮನೆಯಲ್ಲಿ

ನಮ್ಮ ಹೈಸ್ಕೂಲಿನ ಲ್ಯಾಬ್‌ನಲ್ಲಿ 14 ಕಂಪ್ಯೂಟರ್ ಇವೆ. ಎಲ್ಲವೂ ಹಳೆಯವು. 2019ರ ಕೊನೆಯಲ್ಲಿ ಅವಕ್ಕೆ ಡೆಬಿಯನ್ 10 ಅನ್ನೋ ಲಿನಕ್ಸ್ ಹಾಕಿದೆವು. ನಾನು ಗಣಿತದ ಟೀಚರ್. ಲ್ಯಾಬ್ ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬಂತು. ಮೊದಲ ದಿನವೇ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಮಿನಿಮೈಜ್ ಮಾಡೋ ಬಟನ್ ಎಲ್ಲಿ? ಬರೀ ಇಂಟು ಮಾರ್ಕ್ ಇದೆ."

ಹೌದು, ಬರೀ ಇಂಟು ಮಾರ್ಕ್ ಇತ್ತು. ಅದರಲ್ಲಿ ವಿಂಡೋ, ಮೆನು ಎಲ್ಲ ತೋರಿಸುವ ಗ್ನೋಮ್ ಡೆಸ್ಕ್‌ಟಾಪ್ ಇರುವುದೇ ಹಾಗೆ. ವಿಂಡೋದ ಮೂಲೆಯಲ್ಲಿ ಮುಚ್ಚುವ ಬಟನ್ ಒಂದನ್ನು ಬಿಟ್ಟು ಇನ್ನೇನೂ ಕೊಡುವುದಿಲ್ಲ. ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ, ಸಿಗಲಿಲ್ಲ. ಟ್ವೀಕ್ಸ್ ಅನ್ನೋ ಇನ್ನೊಂದು ಪ್ರೋಗ್ರಾಂನಲ್ಲಿ ಅದಕ್ಕೆ ಸ್ವಿಚ್ ಇದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಪರಿಚಯದ ಒಬ್ಬರು ಡಿಕಾನ್ಫ್ ಎಡಿಟರ್ ಹಾಕಿಕೊಳ್ಳಿ ಅಂದರು. ಹಾಕಿಕೊಂಡೆ. ಅವತ್ತಿನಿಂದ ಇವತ್ತಿನವರೆಗೆ ವಾರಕ್ಕೆ ಒಂದು ಸಲವಾದರೂ ಅದನ್ನು ತೆರೆದಿದ್ದೇನೆ. ಹೊಸದಾಗಿ ಬಳಸುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಗ್ನೋಮ್‌ನಲ್ಲಿ ನೀವು ಮಾಡುವ ಬದಲಾವಣೆಗಳೆಲ್ಲ, ಅಂದರೆ ವಾಲ್‌ಪೇಪರ್, ಫಾಂಟ್, ಕೀಬೋರ್ಡ್, ಮೌಸಿನ ವೇಗ, ಎಲ್ಲವೂ ಡಿಕಾನ್ಫ್ ಅನ್ನೋ ಒಂದೇ ಉಗ್ರಾಣಕ್ಕೆ ಹೋಗಿ ಸೇರುತ್ತವೆ. 2011ರಲ್ಲಿ ಗ್ನೋಮ್ 3 ಬಂದಾಗಿನಿಂದ ಹೀಗೆ. ಅದಕ್ಕೂ ಮುಂಚೆ ಜಿಕಾನ್ಫ್ ಇತ್ತು. ಅದು ಎಕ್ಸ್‌ಎಂಎಲ್ ಅನ್ನೋ ಓದಬಹುದಾದ ಫೈಲುಗಳಲ್ಲಿ ಬರೆದಿಡುತ್ತಿತ್ತು. ಡಿಕಾನ್ಫ್ ಫೈಲನ್ನು ನೋಟ್‌ಪ್ಯಾಡ್‌ನಂಥದ್ದರಲ್ಲಿ ತೆರೆದರೆ ಏನೂ ಓದಕ್ಕಾಗಲ್ಲ, ಅದು ಬೈನರಿ. ಆದ್ದರಿಂದ ಒಳಗೆ ನೋಡಬೇಕು ಅಂದರೆ ಒಂದೋ ಟರ್ಮಿನಲ್‌ನಲ್ಲಿ (ಟೈಪ್ ಮಾಡಿ ಆಜ್ಞೆ ಕೊಡುವ ವಿಂಡೋ) ಕಮಾಂಡ್ ಕೊಡಬೇಕು, ಇಲ್ಲಾ ಈ ಎಡಿಟರ್ ಬೇಕು. ಕಮಾಂಡ್‌ಗೆ ಸೆಟ್ಟಿಂಗಿನ ಪೂರ್ತಿ ಹೆಸರು ಗೊತ್ತಿರಬೇಕು. ಎಡಿಟರ್‌ನಲ್ಲಿ ಹಾಗಲ್ಲ. ಫೋಲ್ಡರ್ ಒಳಗೆ ಫೋಲ್ಡರ್ ತೆರೆಯುತ್ತಾ ಹೋಗಬಹುದು, ಹೆಸರಿನ ತುಂಡು ಗೊತ್ತಿದ್ದರೆ ಹುಡುಕಲೂಬಹುದು.

ಮೊದಲ ಸಲ ತೆರೆದಾಗ, ಹುಷಾರಾಗಿರಿ, ಕೆಲವು ಬದಲಾವಣೆಗಳಿಂದ ಪ್ರೋಗ್ರಾಂಗಳು ಕೆಡಬಹುದು ಅಂತ ಒಂದು ಎಚ್ಚರಿಕೆ ಬರುತ್ತದೆ. ಹುಷಾರಾಗಿರುತ್ತೇನೆ ಅಂತ ಒತ್ತಿ ಮುಂದೆ ಹೋಗಬೇಕು. ಆ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡೆ. ಲ್ಯಾಬ್ ಮುಟ್ಟುವ ಮುಂಚೆ ಒಂದು ವಾರ ನನ್ನ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡಿದೆ.

ಈಗ ಆ ಬಟನ್ನಿನ ವಿಷಯ. ಆರ್ಗ್, ಗ್ನೋಮ್, ಡೆಸ್ಕ್‌ಟಾಪ್, ಡಬ್ಲ್ಯೂಎಂ, ಪ್ರಿಫರೆನ್ಸಸ್ ಅಂತ ಒಂದೊಂದೇ ಒಳಗೆ ಹೋದರೆ ಬಟನ್-ಲೇಔಟ್ ಅನ್ನೋ ಕೀ ಸಿಗುತ್ತದೆ (ಒಂದೊಂದು ಸೆಟ್ಟಿಂಗನ್ನೂ ಇಲ್ಲಿ ಕೀ ಅಂತಾರೆ). ಅದನ್ನು ಒತ್ತಿದರೆ ಒಂದು ಪುಟ ತೆರೆಯುತ್ತದೆ. ಕೀ ಏನು ಮಾಡುತ್ತದೆ ಅನ್ನೋ ವಿವರಣೆ, ಅದರ ಡೀಫಾಲ್ಟ್ ಏನು, ಈಗ ಏನಿದೆ, ಎಲ್ಲ ಅಲ್ಲೇ ಇರುತ್ತದೆ. ನನಗೆ ಅಲ್ಲಿ ಕಂಡಿದ್ದು "ಆಪ್‌ಮೆನು:ಕ್ಲೋಸ್". ನಡುವೆ ಇರುವ ಆ ಎರಡು ಚುಕ್ಕೆಯೇ ಮುಖ್ಯ. ಅದರ ಹಿಂದೆ ಬರೆದದ್ದು ವಿಂಡೋದ ಎಡಗಡೆ ಬರುತ್ತದೆ, ಮುಂದೆ ಬರೆದದ್ದು ಬಲಗಡೆ. ನಾನು "ಡೀಫಾಲ್ಟ್ ಬಳಸು" ಅನ್ನೋ ಸ್ವಿಚ್ ಆಫ್ ಮಾಡಿ, ಚುಕ್ಕೆಗಳ ಮುಂದೆ ಮಿನಿಮೈಜ್, ಮ್ಯಾಕ್ಸಿಮೈಜ್, ಕ್ಲೋಸ್ ಅಂತ ಕಾಮಾ ಹಾಕಿ ಬರೆದೆ. ಕೆಳಗಿನ ಅಪ್ಲೈ ಒತ್ತಿದೆ. ಒತ್ತಿದ ಕೂಡಲೇ ತೆರೆದಿದ್ದ ಎಲ್ಲ ವಿಂಡೋಗಳಲ್ಲೂ ಮೂರು ಬಟನ್ ಬಂದವು. ಲಾಗೌಟ್ ಇಲ್ಲ, ರೀಸ್ಟಾರ್ಟ್ ಇಲ್ಲ. ಆಮೇಲೆ ಸುಮ್ನೆ ನೋಡೋಣ ಅಂತ ಕ್ಲೋಸ್ ಪದವನ್ನು ಚುಕ್ಕೆಗಳ ಹಿಂದಕ್ಕೆ ತಂದೆ. ಇಂಟು ಮಾರ್ಕ್ ಎಡಕ್ಕೆ ಹೋಯಿತು. ಡೀಫಾಲ್ಟ್ ಸ್ವಿಚ್ ಮತ್ತೆ ಆನ್ ಮಾಡಿದೆ. ಎಲ್ಲ ಮೊದಲಿನಂತಾಯಿತು.

ಆ ಡೀಫಾಲ್ಟ್ ಸ್ವಿಚ್ ಇದೆಯಲ್ಲ, ಈ ಎಡಿಟರ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಮೂಲದಲ್ಲಿ ಏನಿತ್ತು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವ ಅಗತ್ಯವಿಲ್ಲ. ಬದಲಾಯಿಸಿದ ಕೀ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಕಾಣುತ್ತದೆ. ವಿಂಡೋಸ್‌ನ ರಿಜಿಸ್ಟ್ರಿ ಎಡಿಟರ್ ಅನ್ನೂ ನಾನು ಬಳಸಿದ್ದೇನೆ. ಅಲ್ಲಿ ಒಂದು ಹೆಸರು, ಒಂದು ಸಂಖ್ಯೆ ಕಾಣುತ್ತದೆ, ಅಷ್ಟೇ. ಅದು ಯಾತಕ್ಕೆ, ಮೊದಲು ಎಷ್ಟಿತ್ತು ಅಂತ ಅಲ್ಲಿ ಬರೆದಿರುವುದಿಲ್ಲ. ಇಲ್ಲಿ ಬರೆದಿದೆ. ವಾಪಸ್ ಬರುವ ದಾರಿ ಕಣ್ಣೆದುರಿಗೇ ಇದ್ದರೆ ಕೈಗೆ ಧೈರ್ಯ ಬರುತ್ತದೆ, ಅಲ್ವಾ?

ಆ ದಾರಿ ಒಂದು ಸಲ ನಿಜವಾಗಿಯೂ ಬೇಕಾಯಿತು. ಮನೆಯಲ್ಲಿ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೀಗಳನ್ನು ನೋಡುತ್ತಿದ್ದೆ. ಸೆಂಡ್-ಈವೆಂಟ್ಸ್ ಅನ್ನೋದರಲ್ಲಿ ಮೂರು ಆಯ್ಕೆ ಇವೆ: ಆನ್, ಆಫ್, ಹೊರಗಿನ ಮೌಸ್ ಹಾಕಿದಾಗ ಮಾತ್ರ ಆಫ್. ಮೂರನೆಯದನ್ನು ಒತ್ತಲು ಹೋಗಿ ಎರಡನೆಯದನ್ನು ಒತ್ತಿದೆ, ಅಪ್ಲೈ ಕೂಡ ಮಾಡಿಬಿಟ್ಟೆ. ಟಚ್‌ಪ್ಯಾಡ್ ಸತ್ತುಹೋಯಿತು. ಎಷ್ಟು ತಿಕ್ಕಿದರೂ ಬಾಣ ಅಲ್ಲಾಡಲಿಲ್ಲ. ಮಗಳು ತನ್ನ ರೂಮಿನಿಂದ ಯುಎಸ್‌ಬಿ ಮೌಸ್ ತಂದು ಚುಚ್ಚಿದಳು. ಅದರಿಂದ ಅದೇ ಪುಟದಲ್ಲಿ ಡೀಫಾಲ್ಟ್ ಸ್ವಿಚ್ ಆನ್ ಮಾಡಿದೆ, ಅಪ್ಲೈ ಒತ್ತಿದೆ, ಸರಿಹೋಯಿತು. ಮೌಸ್ ಇಲ್ಲದವರು ಟರ್ಮಿನಲ್‌ನಲ್ಲಿ ಜಿಸೆಟ್ಟಿಂಗ್ಸ್ ರೀಸೆಟ್ ಕಮಾಂಡ್ ಕೊಟ್ಟು, ಮುಂದೆ ಸ್ಕೀಮಾ (ಕೀ ಇರುವ ಗುಂಪು) ಮತ್ತು ಕೀ ಹೆಸರು ಬರೆದರೂ ಅದೇ ಕೆಲಸ ಆಗುತ್ತದೆ. ಟಚ್‌ಪ್ಯಾಡ್, ಕೀಬೋರ್ಡ್ ಕೀಗಳನ್ನು ಮುಟ್ಟುವ ಮುಂಚೆ ಆ ಸಾಲನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಕನ್ನಡ ಟೈಪಿಂಗ್ ವಿಷಯಕ್ಕೆ ಬರುತ್ತೇನೆ. ನಮಗೆ ಜಾಸ್ತಿ ಉಪಯೋಗವಾದದ್ದು ಇಲ್ಲೇ. ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಕನ್ನಡಕ್ಕೆ ಕೆಜಿಪಿ ಕೀಲಿಮಣೆ ಸುಲಭವಾಗಿ ಸಿಗುತ್ತದೆ. ನುಡಿಯಲ್ಲಿ ಕಲಿತವರ ಕೈಗೆ ಒಗ್ಗಿರುವುದು ಅದೇ. ಆದರೆ ನಮ್ಮ ಕನ್ನಡ ಮೇಷ್ಟ್ರು ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆಯಂತೆ ಬರೆಯುವ ಐಟ್ರಾನ್ಸ್ ಬಳಸುತ್ತಾರೆ. ಇಂಥ ಕೀಲಿಮಣೆಗಳನ್ನು ಕೊಡುವ ಎಂ17ಎನ್ ಪ್ಯಾಕೇಜ್ ಹಾಕಿದ್ದರೂ ಪಟ್ಟಿಯಲ್ಲಿ ಅದು ಕಾಣಲಿಲ್ಲ. ಎರಡು ದಿನ ಅದೇ ಪ್ಯಾಕೇಜನ್ನು ತೆಗೆದು ಹಾಕಿ ಮಾಡಿದೆ. ಕೊನೆಗೆ ಎಡಿಟರ್‌ನಲ್ಲಿ ಇನ್‌ಪುಟ್-ಸೋರ್ಸಸ್ ತೆರೆದು ನೋಡಿದರೆ ಶೋ-ಆಲ್-ಸೋರ್ಸಸ್ ಅಂತ ಒಂದು ಕೀ, ಪಕ್ಕದಲ್ಲಿ ಆಫ್ ಆಗಿರುವ ಸ್ವಿಚ್! ಆನ್ ಮಾಡಿ ಸೆಟ್ಟಿಂಗ್ಸ್‌ಗೆ ವಾಪಸ್ ಹೋದೆ. ಐಟ್ರಾನ್ಸ್ ಪಟ್ಟಿಯಲ್ಲಿ ಬಂದು ಕೂತಿತ್ತು. ಕನ್ನಡದಂಥ ಭಾಷೆಗಳಲ್ಲಿ ಬರೆಯುವವರಿಗೆ ಈ ಸ್ವಿಚ್ ಸೆಟ್ಟಿಂಗ್ಸ್‌ನಲ್ಲೇ ಕಾಣುವಂತೆ ಇರಬೇಕಿತ್ತು ಅಂತ ನನಗೆ ಈಗಲೂ ಬಲವಾಗಿ ಅನಿಸುತ್ತದೆ.

ಪಕ್ಕದಲ್ಲೇ ಸೋರ್ಸಸ್ ಅನ್ನೋ ಕೀ ಇದೆ. ಯಾವ ಯಾವ ಕೀಲಿಮಣೆ ಬೇಕು ಅನ್ನೋ ಪಟ್ಟಿ ಅದರಲ್ಲಿ ಇರುತ್ತದೆ. ಚೌಕ ಕಂಸ, ಅದರೊಳಗೆ ದುಂಡು ಕಂಸ, ಅದರೊಳಗೆ ಉದ್ಧರಣ ಚಿಹ್ನೆ. ಒಂದು ಚಿಹ್ನೆ ಬಿಟ್ಟರೂ ಎಡಿಟರ್ ತಪ್ಪು ಅಂತ ಕೆಂಪಗೆ ತೋರಿಸುತ್ತದೆ, ಅಪ್ಲೈ ಮಾಡಲು ಬಿಡುವುದಿಲ್ಲ. ಇದು ಒಳ್ಳೆಯದೇ. ಆದರೆ ಅದು ನೋಡುವುದು ಬರವಣಿಗೆಯ ರೂಪವನ್ನು ಮಾತ್ರ. ಒಮ್ಮೆ ನಾನು ಕೆಜಿಪಿ ಬದಲು ಕೆಪಿಜಿ ಅಂತ ಬರೆದೆ. ಚಿಹ್ನೆಗಳೆಲ್ಲ ಸರಿ ಇದ್ದವು, ಹಾಗಾಗಿ ಅದು ಸುಮ್ಮನೆ ಒಪ್ಪಿಕೊಂಡಿತು. ಕನ್ನಡ ಟೈಪ್ ಆಗಲಿಲ್ಲ. ಯಾಕೆ ಅಂತ ತಿಳಿಯಲು ಅರ್ಧ ಗಂಟೆ ಹಿಡಿಯಿತು. ಅಕ್ಷರದಲ್ಲಿ ಬರೆಯುವ ಕೀಗಳನ್ನು ಸಾಧ್ಯವಾದಷ್ಟು ಸೆಟ್ಟಿಂಗ್ಸ್ ಮೂಲಕವೇ ಬದಲಾಯಿಸುವುದು ಒಳ್ಳೆಯದು. ಎಡಿಟರ್‌ನಲ್ಲಿ ಬರೀ ನೋಡಿ.

ಸೆಟ್ಟಿಂಗ್ಸ್ ಕೊಡದ ನಡುವಿನ ಅಳತೆಗಳು ಬೇಕಾದಾಗ ಮಾತ್ರ ಎಡಿಟರ್‌ಗೆ ಸಾಟಿ ಇಲ್ಲ. ಅಮ್ಮನಿಗೆ ಕಣ್ಣು ಮಂಜು. ಸೆಟ್ಟಿಂಗ್ಸ್‌ನಲ್ಲಿ ದೊಡ್ಡ ಅಕ್ಷರ ಅಂತ ಒಂದು ಸ್ವಿಚ್ ಇದೆ, ಅದು ಅಕ್ಷರವನ್ನು 1.25 ಪಟ್ಟು ಮಾಡುತ್ತದೆ. ಅಮ್ಮನಿಗೆ ಅದು ಸಾಲಲಿಲ್ಲ. ಎಡಿಟರ್‌ನ ಟೆಕ್ಸ್ಟ್-ಸ್ಕೇಲಿಂಗ್-ಫ್ಯಾಕ್ಟರ್ ಕೀಯಲ್ಲಿ 0.5ರಿಂದ 3ರವರೆಗೆ ಯಾವ ಸಂಖ್ಯೆ ಬೇಕಾದರೂ ಕೊಡಬಹುದು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು 1.3, 1.4 ಅಂತ ಏರಿಸುತ್ತಾ ಹೋದೆ. 1.55ಕ್ಕೆ ಬಂದಾಗ "ಹಾಂ, ಇಲ್ಲೇ ಬಿಡೇ" ಅಂದಳು. ಈಗ ಕನ್ನಡಕ ಸರಿಮಾಡಿಕೊಳ್ಳದೆ ಪೇಪರ್ ಓದುತ್ತಾಳೆ.

ಲ್ಯಾಬ್‌ನಲ್ಲೂ ಹಾಗೇ. ನಮ್ಮ ಪೀರಿಯಡ್ 40 ನಿಮಿಷ. ಪರದೆ ಆರಿಹೋಗುವ ಸಮಯಕ್ಕೆ ಸೆಟ್ಟಿಂಗ್ಸ್‌ನಲ್ಲಿ ಹೆಚ್ಚೆಂದರೆ 15 ನಿಮಿಷ ಕೊಡಬಹುದು, ಇಲ್ಲಾ ಆರಲೇಬೇಡ ಅನ್ನಬಹುದು. ನಾನು ಬೋರ್ಡಿನ ಮೇಲೆ ವಿವರಿಸಿ ಮುಗಿಸುವ ಹೊತ್ತಿಗೆ 14 ಪರದೆಯೂ ಕಪ್ಪಾಗಿರುತ್ತಿದ್ದವು. ಐಡಲ್-ಡಿಲೇ ಕೀ ಸೆಕೆಂಡಿನ ಲೆಕ್ಕದಲ್ಲಿದೆ, ಡೀಫಾಲ್ಟ್ 300. ಅದನ್ನು 2400 ಮಾಡಿದೆ. ಪೀರಿಯಡ್ ಪೂರ್ತಿ ಪರದೆ ಬೆಳಗುತ್ತದೆ, ಯಾರೂ ಇಲ್ಲದಾಗ ತಾನೇ ಆರುತ್ತದೆ.

ಇನ್ನು ಕೊರತೆಗಳು. ದೊಡ್ಡ ಕೊರತೆ ಅಂದರೆ, ಯಾವಾಗ ಏನು ಬದಲಾಯಿಸಿದೆ ಅನ್ನೋ ದಿನಚರಿ ಇಲ್ಲ. ದಪ್ಪ ಅಕ್ಷರ ನೋಡಿ ಬದಲಾಗಿದೆ ಅಂತ ತಿಳಿಯಬಹುದು, ಆದರೆ ನಾನು ಬದಲಾಯಿಸಿದ್ದೋ, ಯಾವುದೋ ಪ್ರೋಗ್ರಾಂ ತಾನೇ ಬರೆದದ್ದೋ ಗೊತ್ತಾಗುವುದಿಲ್ಲ. ಇದಕ್ಕೆ ನಾನು ಟರ್ಮಿನಲ್ ಸಹಾಯ ಪಡೆಯುತ್ತೇನೆ. ಡಿಕಾನ್ಫ್ ವಾಚ್ ಅಂತ ಕೊಟ್ಟು, ಒಂದು ಸ್ಪೇಸ್ ಬಿಟ್ಟು ಓರೆಗೆರೆ ಹಾಕಿ ಬಿಟ್ಟರೆ, ಆ ಕ್ಷಣದಲ್ಲಿ ಯಾವ ಕೀ ಬದಲಾದರೂ ಅದರ ಹೆಸರು ಪರದೆಯ ಮೇಲೆ ಬಂದು ಬೀಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಏನೋ ಒತ್ತಿದಾಗ ಒಳಗೆ ಯಾವ ಕೀ ಬದಲಾಗುತ್ತದೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಎರಡನೆಯದು, ಎಲ್ಲರಿಗೂ ಅನ್ವಯಿಸುವ ಬದಲಾವಣೆ ಇದರಿಂದ ಮಾಡಲಾಗದು. ಇದು ಲಾಗಿನ್ ಆದವರ ಸೆಟ್ಟಿಂಗನ್ನು ಮಾತ್ರ ಮುಟ್ಟುತ್ತದೆ. ಲ್ಯಾಬ್‌ನ ವಾಲ್‌ಪೇಪರನ್ನು ಮಕ್ಕಳು ಬದಲಾಯಿಸದಂತೆ ಬೀಗ ಹಾಕಲು, ಇಡೀ ಮಷೀನಿನ ಸೆಟ್ಟಿಂಗ್ಸ್ ಇರುವ ಈಟಿಸಿ ಫೋಲ್ಡರಿನೊಳಗೆ ಫೈಲ್ ಬರೆದು, ಲಾಕ್ಸ್ ಫೋಲ್ಡರಿನಲ್ಲಿ ಕೀ ಹೆಸರು ಹಾಕಿ, ಅಡ್ಮಿನ್ ಆಗಿ ಡಿಕಾನ್ಫ್ ಅಪ್‌ಡೇಟ್ ಕೊಡಬೇಕು. ಬೀಗ ಬಿದ್ದ ಕೀಯನ್ನು ಎಡಿಟರ್ ಬದಲಾಯಿಸಲು ಬಿಡುವುದಿಲ್ಲ, ಅಷ್ಟು ಸರಿ. ಆದರೆ ಬೀಗ ಹಾಕುವ ಕೆಲಸವೂ ಇದರಲ್ಲೇ ಆಗಿದ್ದರೆ ನನ್ನಂಥ ಟೀಚರುಗಳಿಗೆ ಎಷ್ಟು ಅನುಕೂಲವಾಗುತ್ತಿತ್ತು!

ಮೂರನೆಯದು, ಡಿಕಾನ್ಫ್‌ನಲ್ಲಿ ಎಲ್ಲವೂ ಇಲ್ಲ. ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್ ತಮ್ಮ ಸೆಟ್ಟಿಂಗ್ಸನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತವೆ. ಅವನ್ನು ಇಲ್ಲಿ ಹುಡುಕಬೇಡಿ. ಡೆಸ್ಕ್‌ಟಾಪನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೆ ಇನ್ನೊಂದು ಮಾತು: ಹಳೆಯ ಕೀಗಳಲ್ಲಿ ಕೆಲವಕ್ಕೆ ವಿವರಣೆ ಕನ್ನಡದಲ್ಲೇ ಬರುತ್ತದೆ, ಓದಲು ಖುಷಿಯಾಗುತ್ತದೆ. ಹೊಸ ಕೀಗಳದ್ದು ಇಂಗ್ಲಿಷಿನಲ್ಲೇ ಇದೆ.

ಡೆಬಿಯನ್ 11ರಿಂದ 12ಕ್ಕೆ ಹೋದಾಗ ಒಂದು ಪಾಠ ಆಯಿತು. ಶಾಲೆಯ ಕಟ್ಟಡದ ಫೋಟೋವನ್ನು ವಾಲ್‌ಪೇಪರ್ ಮಾಡಿದ್ದೆ. ಮಕ್ಕಳು ಡಾರ್ಕ್ ಮೋಡ್ ಹಾಕಿದರೆ ಆ ಫೋಟೋ ಹೋಗಿ ಡೆಬಿಯನ್ ಚಿತ್ರ ಬರುತ್ತಿತ್ತು. ಬ್ಯಾಕ್‌ಗ್ರೌಂಡ್ ಫೋಲ್ಡರ್ ತೆರೆದಾಗ ಪಿಕ್ಚರ್-ಯುಆರ್‌ಐ ಪಕ್ಕದಲ್ಲಿ ಪಿಕ್ಚರ್-ಯುಆರ್‌ಐ-ಡಾರ್ಕ್ ಅಂತ ಹೊಸ ಕೀ ಇತ್ತು. ಗ್ನೋಮ್ 42ರಲ್ಲಿ ಸೇರಿಸಿದ್ದು. ಎರಡಕ್ಕೂ ಒಂದೇ ಫೋಟೋ ಕೊಟ್ಟೆ. ಪಕ್ಕಪಕ್ಕದಲ್ಲಿ ಎಲ್ಲವನ್ನೂ ತೋರಿಸುವ ಎಡಿಟರ್ ಇಲ್ಲದಿದ್ದರೆ ಇದು ಬೇಗ ಹೊಳೆಯುತ್ತಿರಲಿಲ್ಲ.

5ಕ್ಕೆ ನಾನು 4 ಕೊಡುತ್ತೇನೆ. ದಿನಚರಿ ಇಲ್ಲದ್ದಕ್ಕೆ ಅರ್ಧ, ಬೀಗದ ಕೆಲಸ ಆಗದ್ದಕ್ಕೆ ಅರ್ಧ ಕಡಿಮೆ. ಉಚಿತ ತಂತ್ರಾಂಶ ಇದು, ಡೆಬಿಯನ್, ಉಬುಂಟು, ಫೆಡೋರಾ ಎಲ್ಲದರಲ್ಲೂ ಸಿಗುತ್ತದೆ. ನಿಮ್ಮದು ಕೆಡಿಇ ಡೆಸ್ಕ್‌ಟಾಪ್ ಆಗಿದ್ದರೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ, ಅದರ ವ್ಯವಸ್ಥೆಯೇ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಸಿಗುವುದು ಸಾಕು ಅನ್ನುವವರಿಗೂ ಬೇಡ. ಒಂದಕ್ಕಿಂತ ಹೆಚ್ಚು ಮಷೀನ್ ನೋಡಿಕೊಳ್ಳುವವರು, ಕನ್ನಡದಲ್ಲಿ ದಿನವಿಡೀ ಬರೆಯುವವರು, ಮನೆಯಲ್ಲಿ ವಯಸ್ಸಾದವರಿಗೆ ಕಂಪ್ಯೂಟರ್ ಸರಿಮಾಡಿ ಕೊಡುವವರು ಖಂಡಿತ ಹಾಕಿಕೊಳ್ಳಿ.

ಬ್ಯಾಕಪ್ ಬಗ್ಗೆ ಒಂದು ಮಾತು. ಡಿಕಾನ್ಫ್ ಡಂಪ್ ಕಮಾಂಡ್ ಕೊಟ್ಟರೆ ಬದಲಾದ ಕೀಗಳೆಲ್ಲ ಓದಬಹುದಾದ ಅಕ್ಷರದಲ್ಲಿ ಹೊರಬರುತ್ತವೆ. ಅದನ್ನು ಫೈಲ್ ಮಾಡಿಟ್ಟುಕೊಂಡು, ಬೇರೆ ಮಷೀನಿನಲ್ಲಿ ಡಿಕಾನ್ಫ್ ಲೋಡ್ ಕೊಟ್ಟು ತುಂಬಬಹುದು. ನಾನು ಮೊದಲ ಸಲ ಪೂರ್ತಿ ಉಗ್ರಾಣವನ್ನೇ ಎತ್ತಿ 14 ಮಷೀನಿಗೂ ಸುರಿದೆ. ನನ್ನ ಲ್ಯಾಪ್‌ಟಾಪಿನ ವಿಂಡೋ ಅಳತೆಗಳೂ ಜೊತೆಗೆ ಹೋಗಿ, ಲ್ಯಾಬ್‌ನ ಚಿಕ್ಕ ಪರದೆಗಳಲ್ಲಿ ಅರ್ಧ ವಿಂಡೋ ಹೊರಗೇ ಉಳಿಯಿತು. ಈಗ ಆರ್ಗ್, ಗ್ನೋಮ್, ಡೆಸ್ಕ್‌ಟಾಪ್ ಭಾಗವನ್ನು ಮಾತ್ರ ತೆಗೆಯುತ್ತೇನೆ. ಬರುವ ರಜೆಯಲ್ಲಿ ಲ್ಯಾಬನ್ನು ಡೆಬಿಯನ್ 13ಕ್ಕೆ ಏರಿಸಬೇಕು. ಡಂಪ್ ತೆಗೆದಾಗಿದೆ. ಪೆನ್ ಡ್ರೈವ್ ಲ್ಯಾಬಿನ ಬೀರುವಿನಲ್ಲಿದೆ, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿದ್ದೇನೆ.