ಮುಂದಿನ ಹತ್ತು ವರ್ಷದ ಕೆಲಸಗಳು: ಆಕ್ಯುಪೇಷನಲ್ ಔಟ್‌ಲುಕ್ ಹ್ಯಾಂಡ್‌ಬುಕ್ಕನ್ನು ಎಷ್ಟು ನಂಬಬಹುದು?

ಯಾವ ಕೆಲಸಕ್ಕೆ ಮುಂದೆ ಬೇಡಿಕೆ ಬರುತ್ತದೆ ಎಂದು ಹುಡುಕಿದರೆ ಪಟ್ಟಿಗಳಿಗೇನೂ ಬರವಿಲ್ಲ. ಆದರೆ ಆ ಪಟ್ಟಿಗಳ ಬುಡ ಕೆದಕುತ್ತಾ ಹೋದರೆ ಅನೇಕ ಸಲ ಒಂದೇ ಜಾಗಕ್ಕೆ ಬಂದು ಮುಟ್ಟುತ್ತೇವೆ. ಅದು ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ಸಂಸ್ಥೆಯಾದ ಬ್ಯೂರೋ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್ ನಡೆಸುವ ಉದ್ಯೋಗ ಕೈಪಿಡಿ, ಆಕ್ಯುಪೇಷನಲ್ ಔಟ್‌ಲುಕ್ ಹ್ಯಾಂಡ್‌ಬುಕ್. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ದಾರಿ ತೋರಿಸುವ ಕೆಲಸದಿಂದ ಹುಟ್ಟಿ, 1949ರಲ್ಲಿ ಸಾರ್ವಜನಿಕರ ಕೈಗೆ ಪುಸ್ತಕವಾಗಿ ಸಿಕ್ಕಿತು. ಈಗ ಪೂರ್ತಿ ವೆಬ್‌ಸೈಟಿನಲ್ಲಿದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ.

ಸಂಬಳ, ಓದು, ಕೆಲಸದ ವಾತಾವರಣ, ಹತ್ತು ವರ್ಷದ ಅಂದಾಜು ಎಲ್ಲವೂ ಒಂದೊಂದು ಉದ್ಯೋಗದ ಪುಟದಲ್ಲಿ ಟ್ಯಾಬ್‌ಗಳಾಗಿ ಸಿಗುತ್ತವೆ. ಭಾಷೆ ಸರಳ. ಹೈಸ್ಕೂಲು ಓದುವವರಿಗೂ ಅರ್ಥವಾಗುತ್ತದೆ. ಇದರಲ್ಲಿ ದೂರಲು ಏನೂ ಇಲ್ಲ. ತೊಂದರೆ ಶುರುವಾಗುವುದು ಅಂಕಿಗಳನ್ನು ಓದುವ ರೀತಿಯಲ್ಲಿ.

ಹೆಚ್ಚಿನವರು ನೇರವಾಗಿ "ಅತಿ ವೇಗವಾಗಿ ಬೆಳೆಯುವ ಉದ್ಯೋಗಗಳು" ಎಂಬ ಪುಟಕ್ಕೆ ಹೋಗುತ್ತಾರೆ. 2023ರಿಂದ 2033ರವರೆಗಿನ ಅಂದಾಜಿನಲ್ಲಿ ಅಲ್ಲಿ ಮೊದಲ ಸ್ಥಾನ ಗಾಳಿಯಂತ್ರ ದುರಸ್ತಿ ಮಾಡುವ ತಂತ್ರಜ್ಞರದ್ದು: ಶೇ. 60 ಬೆಳವಣಿಗೆ. ಕೇಳಿದರೆ ಕಣ್ಣರಳುತ್ತದೆ. ಆದರೆ 2023ರಲ್ಲಿ ಇಡೀ ಅಮೆರಿಕದಲ್ಲಿ ಆ ಕೆಲಸ ಮಾಡುತ್ತಿದ್ದವರು ಸುಮಾರು 11,400 ಮಂದಿ. ಶೇ. 60 ಎಂದರೆ ಹತ್ತು ವರ್ಷಕ್ಕೆ ಸೇರಿ 6,800 ಹೊಸ ಹುದ್ದೆ, ಅಷ್ಟೇ. ಅದೇ ಪಟ್ಟಿಯಲ್ಲಿ ಮನೆಗೆ ಹೋಗಿ ವೃದ್ಧರ ಮತ್ತು ರೋಗಿಗಳ ಆರೈಕೆ ಮಾಡುವವರ ಬೆಳವಣಿಗೆ ಬರೀ ಶೇ. 21. ಹೊಸ ಹುದ್ದೆಗಳು ಮಾತ್ರ 8.2 ಲಕ್ಷ, ಅಂದರೆ 120 ಪಟ್ಟು. ಬುಡದ ಸಂಖ್ಯೆ ಸಣ್ಣದಿದ್ದರೆ ಶೇಕಡಾವಾರು ಉಬ್ಬಿಕೊಳ್ಳುತ್ತದೆ. ಮರುವರ್ಷ ಬಂದ 2024–34ರ ಅಂದಾಜಿನಲ್ಲಿ ಗಾಳಿಯಂತ್ರದ ಶೇ. 60 ಎನ್ನುವುದೇ ಶೇ. 50ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಇಷ್ಟು ಅಲುಗಾಡುವ ಅಂಕಿಯನ್ನು ನೆಚ್ಚಿಕೊಂಡು ಕೋರ್ಸು ಆರಿಸಬಾರದು.

ಇದಕ್ಕಿಂತ ದೊಡ್ಡ ಏಟು ಕೊಡುವುದು ಆರಂಭದ ವರ್ಷ. 2020–30ರ ಅಂದಾಜಿನಲ್ಲಿ ಸಿನಿಮಾ ಮಂದಿರದ ಪ್ರೊಜೆಕ್ಟರ್ ಆಪರೇಟರ್‌ಗಳಿಗೆ ಶೇ. 70ಕ್ಕೂ ಹೆಚ್ಚು ಬೆಳವಣಿಗೆ ತೋರಿಸಿತ್ತು. ಡಿಜಿಟಲ್ ಆದ ಮೇಲೆ ವರ್ಷವರ್ಷಕ್ಕೂ ಕುಗ್ಗುತ್ತಿದ್ದ ಕೆಲಸ ಅದು! ಕಾರಣ ಸರಳ: 2020ರಲ್ಲಿ ಕೋವಿಡ್‌ನಿಂದ ಮಂದಿರಗಳ ಬಾಗಿಲು ಮುಚ್ಚಿತ್ತು, ಲೆಕ್ಕ ಅಲ್ಲಿಂದಲೇ ಶುರುವಾಯಿತು. ಮತ್ತೆ ಬಾಗಿಲು ತೆರೆದದ್ದೇ ಬೆಳವಣಿಗೆಯಂತೆ ಕಂಡಿತು. ಹೀಗಾಗಿ ಯಾವುದೇ ಅಂದಾಜು ನೋಡುವ ಮೊದಲು ಆರಂಭದ ವರ್ಷ ಎಂಥದ್ದಿತ್ತು ಎಂದು ಕೇಳಿಕೊಳ್ಳಿ.

ಹಾಗಾದರೆ ನೋಡಬೇಕಾದದ್ದು ಯಾವುದನ್ನು? "ವರ್ಷಕ್ಕೆ ಸರಾಸರಿ ಎಷ್ಟು ಹುದ್ದೆ ತೆರವಾಗುತ್ತದೆ" ಎಂಬ ಅಂಕಿಯನ್ನು. ಜಾಬ್ ಔಟ್‌ಲುಕ್ ಟ್ಯಾಬಿನಲ್ಲಿ ಅದು ವಾಕ್ಯದ ನಡುವೆ ಹುದುಗಿರುತ್ತದೆ, ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ. ಇದರಲ್ಲಿ ಮೂರು ಪಾಲು ಸೇರಿವೆ: ಹೊಸದಾಗಿ ಹುಟ್ಟುವ ಹುದ್ದೆ, ನಿವೃತ್ತರಾಗಿಯೋ ಬೇರೆ ಕಾರಣಕ್ಕೋ ದುಡಿಮೆಯನ್ನೇ ಬಿಟ್ಟವರ ಜಾಗ, ಬೇರೆ ಉದ್ಯೋಗಕ್ಕೆ ಹಾರಿದವರ ಜಾಗ. ಈ ಅಂಕಿಯನ್ನು ಈಗಿರುವ ಒಟ್ಟು ಹುದ್ದೆಗಳಿಂದ ಭಾಗಿಸಿ, ನೂರು ಹುದ್ದೆಗೆ ವರ್ಷಕ್ಕೆ ಎಷ್ಟು ತೆರವು ಎಂಬುದು ಸಿಗುತ್ತದೆ.

ಒಂದು ಜೋಡಿ ತೆಗೆದುಕೊಳ್ಳೋಣ. 2023–33ರ ಅಂದಾಜಿನಲ್ಲಿ ಸಾಫ್ಟ್‌ವೇರ್ ಡೆವಲಪರ್, ಟೆಸ್ಟರ್‌ಗಳ ಗುಂಪು ಸುಮಾರು 19 ಲಕ್ಷ, ವರ್ಷಕ್ಕೆ ತೆರವು 1.4 ಲಕ್ಷ. ಭಾಗಿಸಿದರೆ ಶೇ. 7ರ ಮೇಲೆ. ಕಂಪ್ಯೂಟರ್ ಪ್ರೋಗ್ರಾಮರ್‌ಗಳು ಸುಮಾರು 1.4 ಲಕ್ಷ, ತೆರವು 6,700. ಶೇ. 5ರ ಒಳಗೆ, ಮೇಲಾಗಿ ಒಟ್ಟು ಸಂಖ್ಯೆ ಹತ್ತು ವರ್ಷದಲ್ಲಿ ಶೇ. 10 ಇಳಿಯುತ್ತದೆ. ಹೊರಗಿನವರಿಗೆ ಎರಡೂ "ಕೋಡಿಂಗ್" ಕೆಲಸವೇ. ಒಬ್ಬರು ಏನನ್ನು ಕಟ್ಟಬೇಕು, ಹೇಗೆ ಕಟ್ಟಬೇಕು ಎಂದು ತೀರ್ಮಾನಿಸುತ್ತಾರೆ. ಇನ್ನೊಬ್ಬರು ಆಗಲೇ ತೀರ್ಮಾನವಾದದ್ದನ್ನು ಕೋಡ್‌ಗೆ ಇಳಿಸುತ್ತಾರೆ. ಕ್ಷೇತ್ರದ ಹೆಸರು ನೋಡಿ ಆರಿಸಿದರೆ ಈ ಗೆರೆ ಕಾಣುವುದೇ ಇಲ್ಲ, ಅದು ಕಾಣುವುದು ಹ್ಯಾಂಡ್‌ಬುಕ್ಕಿನ ಎರಡು ಪುಟ ಪಕ್ಕಪಕ್ಕ ತೆರೆದಾಗ.

ತೆರವು ಜಾಸ್ತಿ ಇದ್ದರೆ ಬೇಡಿಕೆ ಜಾಸ್ತಿ ಎಂದೂ ಅಲ್ಲ. ಕ್ಯಾಷಿಯರ್ ಹುದ್ದೆಗಳು ಅದೇ ಅವಧಿಯಲ್ಲಿ ಶೇ. 11 ಕುಗ್ಗುತ್ತವೆ ಎಂದಿದ್ದರೂ ವರ್ಷಕ್ಕೆ 5 ಲಕ್ಷಕ್ಕೂ ಹೆಚ್ಚು ತೆರವು ತೋರಿಸಲಾಗಿದೆ. ಜನ ನಿಲ್ಲದೆ ಬಿಟ್ಟು ಹೋಗುವ ಕೆಲಸ ಅದು. ಆದ್ದರಿಂದ ಬೆಳವಣಿಗೆ, ತೆರವಿನ ಪ್ರಮಾಣ, ಮಧ್ಯಮ ಸಂಬಳ (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಪಡೆಯುವ ಮಟ್ಟ) ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಬೆಳವಣಿಗೆ ಕಡಿಮೆ, ಸಂಬಳ ಕಡಿಮೆ, ತೆರವು ವಿಪರೀತ ಎಂದರೆ ಅದು ಎಚ್ಚರಿಕೆಯ ಗಂಟೆ.

ಪ್ರತಿ ಉದ್ಯೋಗದ ಜಾಬ್ ಔಟ್‌ಲುಕ್ ಟ್ಯಾಬಿನ ಕೊನೆಯಲ್ಲಿ ಆ ಉದ್ಯೋಗ ಯಾವ ಯಾವ ಉದ್ಯಮಗಳಲ್ಲಿ ಹಂಚಿಹೋಗಿದೆ ಎಂಬ ಎಕ್ಸೆಲ್ ಕಡತಕ್ಕೆ ಕೊಂಡಿ ಇದೆ. ಅದನ್ನು ತೆರೆಯುವವರು ಕಡಿಮೆ, ಆದರೆ ಇಡೀ ತಾಣದಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಅದೇ. ಹುದ್ದೆಗಳ ಬಹುಪಾಲು ಒಂದೇ ಉದ್ಯಮದಲ್ಲಿದ್ದರೆ ಆ ಉದ್ಯಮ ಸೀನಿದಾಗ ನಿಮಗೆ ನೆಗಡಿ. ನಾಲ್ಕಾರು ಕಡೆ ಹರಡಿದ್ದರೆ ಒಂದು ಕಡೆ ಬಾಗಿಲು ಮುಚ್ಚಿದರೂ ಇನ್ನೊಂದು ಕಡೆ ತೆರೆದಿರುತ್ತದೆ.

ಹ್ಯಾಂಡ್‌ಬುಕ್ ಹೇಳದೇ ಇರುವುದು ಒಂದಿದೆ, ಇದೇ ಅದರ ನಿಜವಾದ ಕೊರತೆ. ಹುದ್ದೆಗಳೆಷ್ಟು ಎಂದು ಹೇಳುತ್ತದೆಯೇ ಹೊರತು ಅವುಗಳಿಗೆ ಎಷ್ಟು ಜನ ಸಾಲು ನಿಂತಿರುತ್ತಾರೆ ಎಂದು ಹೇಳುವುದಿಲ್ಲ. ಕೆಲಸಗಾರರ ಕೊರತೆಯನ್ನಾಗಲಿ ಹೆಚ್ಚಳವನ್ನಾಗಲಿ ಅದು ಅಂದಾಜಿಸುವುದೇ ಇಲ್ಲ. ಎಲ್ಲರೂ ಒಂದೇ ಪಟ್ಟಿ ನೋಡಿ ಒಂದೇ ಕೋರ್ಸಿಗೆ ಮುಗಿಬಿದ್ದರೆ ನಾಲ್ಕು ವರ್ಷದ ನಂತರ ಎಲ್ಲರೂ ಒಟ್ಟಿಗೆ ಹೊರಬರುತ್ತಾರೆ, ಆರಂಭದ ಸಂಬಳ ಕುಸಿಯುತ್ತದೆ. ಅದನ್ನು ಕಂಡು ಮುಂದಿನವರು ಹಿಂಜರಿಯುತ್ತಾರೆ, ಮತ್ತೆ ಕೊರತೆ. ಎಂಜಿನಿಯರ್‌ಗಳ ವಿಷಯದಲ್ಲಿ ಈ ಏರಿಳಿತವನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಹ್ಯಾಂಡ್‌ಬುಕ್ ಖಾಲಿ ಬಿಟ್ಟ ಈ ಜಾಗವನ್ನು ನೀವೇ ತುಂಬಿಕೊಳ್ಳಬೇಕು: ಆ ಓದಿಗೆ ಈ ವರ್ಷ ಎಷ್ಟು ಸೀಟಿವೆ, ಐದು ವರ್ಷದ ಹಿಂದೆ ಎಷ್ಟಿದ್ದವು? ಸೀಟುಗಳು ಹುದ್ದೆಗಳಿಗಿಂತ ವೇಗವಾಗಿ ಬೆಳೆದಿದ್ದರೆ ಪಟ್ಟಿ ಏನೇ ಹೇಳಲಿ, ಸ್ಪರ್ಧೆ ಬಿಗಿಯಾಗುತ್ತದೆ.

ಹೊಸ ಹೆಸರಿನ ಕೆಲಸಗಳೂ ಇಲ್ಲಿ ತಡವಾಗಿ ಕಾಣಿಸಿಕೊಳ್ಳುತ್ತವೆ. ಡೇಟಾ ಸೈಂಟಿಸ್ಟ್‌ಗೆ ಸರ್ಕಾರಿ ವರ್ಗೀಕರಣದಲ್ಲಿ ಸ್ವಂತ ಸಂಕೇತ ಸಿಕ್ಕಿದ್ದು 2018ರ ಪರಿಷ್ಕರಣೆಯಲ್ಲಿ. ಹುಡುಕಿದ ಹೆಸರು ಸಿಗದಿದ್ದರೆ ಕೆಲಸವೇ ಇಲ್ಲ ಎಂದುಕೊಳ್ಳದೆ ಅದರ ಹತ್ತಿರದ ಹಳೆಯ ಹೆಸರಿನಲ್ಲಿ ನೋಡಿ.

ಯಂತ್ರ ಕೆಲಸ ಕಸಿಯುತ್ತದೆಯೇ ಎಂಬ ಪ್ರಶ್ನೆಗೆ ಶೇಕಡಾವಾರು ಉತ್ತರ ಕೊಡುವ ತಾಣಗಳಿಂದ ದೂರವಿರಿ. 2013ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರಾದ ಫ್ರೇ ಮತ್ತು ಆಸ್ಬರ್ನ್ 702 ಉದ್ಯೋಗಗಳನ್ನು ಅಳೆದು ಅಮೆರಿಕದ ಶೇ. 47 ಉದ್ಯೋಗಗಳು ಯಂತ್ರದ ಪಾಲಾಗುವ ಹೆಚ್ಚಿನ ಅಪಾಯದಲ್ಲಿವೆ ಎಂದರು. ಉದ್ಯೋಗವನ್ನು ಇಡಿಯಾಗಿ ಅಳೆಯದೆ ಅದರೊಳಗಿನ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಿದ 2016ರ ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆ) ಅಧ್ಯಯನಕ್ಕೆ ಸಿಕ್ಕಿದ್ದು ಶೇ. 9. ಮೊದಲಿನ ಲೆಕ್ಕದಲ್ಲಿ ಅಕೌಂಟೆಂಟ್ ಮತ್ತು ಆಡಿಟರ್‌ಗಳ ಅಪಾಯ 0.94, ಅಂದರೆ ನೂರಕ್ಕೆ 94ರಷ್ಟು. ಹ್ಯಾಂಡ್‌ಬುಕ್ 2023–33ಕ್ಕೆ ಅವರಿಗೇ ಶೇ. 6 ಬೆಳವಣಿಗೆ ಹೇಳಿತು.

ಒಂದು ಉದ್ಯೋಗದೊಳಗಿನ ಕೆಲಸಗಳನ್ನು ಹೀಗೆ ಬಿಡಿಬಿಡಿಯಾಗಿ ನೋಡಲು ಓ-ನೆಟ್ ಎಂಬ ಇನ್ನೊಂದು ಉಚಿತ ತಾಣವನ್ನು ಜೊತೆಗಿಟ್ಟುಕೊಳ್ಳಿ. ಅಲ್ಲಿ ಪ್ರತಿ ಉದ್ಯೋಗದ ದಿನನಿತ್ಯದ ಕೆಲಸಗಳು ಸಾಲಾಗಿವೆ. ಮೊದಲ ಹತ್ತನ್ನು ಕಾಗದಕ್ಕೆ ಇಳಿಸಿ, ಒಂದೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಯಂತ್ರವೇ ಮಾಡಬಲ್ಲದು, ಯಂತ್ರ ನೆರವಾಗುತ್ತದೆ, ಮನುಷ್ಯನೇ ಹೊಣೆ ಹೊರಬೇಕು. ಅಕೌಂಟೆಂಟ್ ವಿಷಯದಲ್ಲಿ ನಮೂದಿಸುವುದು, ತಾಳೆ ನೋಡುವುದು ಮೊದಲ ಗುರುತಿಗೆ ಬೀಳುತ್ತವೆ. ನಿಯಮ ಅಸ್ಪಷ್ಟವಾಗಿರುವಲ್ಲಿ ತೀರ್ಮಾನಿಸುವುದು, ಲೆಕ್ಕಕ್ಕೆ ಸಹಿ ಹಾಕುವುದು ಮೂರನೆಯದಕ್ಕೆ. ಮೊದಲ ಗುರುತು ಆರೇಳು ಬಿದ್ದರೆ ಆ ಕೆಲಸದ ಆರಂಭಿಕ ಹುದ್ದೆಗಳು ಮೊದಲು ತೆಳುವಾಗುತ್ತವೆ, ಏಕೆಂದರೆ ಹೊಸಬರಿಗೆ ಕೊಡುವುದೇ ಆ ಕೆಲಸಗಳನ್ನು.

ವರ್ಲ್ಡ್ ಎಕನಾಮಿಕ್ ಫೋರಂನ 2025ರ ವರದಿಯೂ ಎಲ್ಲರ ಬಾಯಲ್ಲಿದೆ: ಜಗತ್ತಿನಲ್ಲಿ 2030ರೊಳಗೆ 17 ಕೋಟಿ ಹೊಸ ಕೆಲಸ, 9.2 ಕೋಟಿ ನಷ್ಟ. ಅದು ಮುಖ್ಯವಾಗಿ ಸಾವಿರಕ್ಕೂ ಹೆಚ್ಚು ಉದ್ಯೋಗದಾತರನ್ನು ಕೇಳಿ ಮಾಡಿದ ಸಮೀಕ್ಷೆ. ಯಾವ ಕೌಶಲದತ್ತ ಗಾಳಿ ಬೀಸುತ್ತಿದೆ ಎಂದು ತಿಳಿಯಲು ಸಾಕು, ಒಂದು ನಿರ್ದಿಷ್ಟ ಉದ್ಯೋಗ ಆರಿಸಲು ಸಾಲದು.

ಅಮೆರಿಕದ ಹೊರಗಿರುವವರು ಹ್ಯಾಂಡ್‌ಬುಕ್ಕಿನ ಸಂಬಳ, ಪರವಾನಗಿ, ಹುದ್ದೆಗಳ ಸಂಖ್ಯೆಯನ್ನು ಬದಿಗಿಟ್ಟು ಕೆಲಸದ ವಿವರ, ತರಬೇತಿಯ ಅವಧಿ, ಹೆಚ್ಚಳ ಅಥವಾ ಇಳಿಕೆಗೆ ಕೊಟ್ಟ ಕಾರಣ ಇವಿಷ್ಟನ್ನೇ ತೆಗೆದುಕೊಳ್ಳಲಿ. ಕಾರಣ ನಿಮ್ಮಲ್ಲೂ ಇದ್ದರೆ ಮಾತ್ರ ಅಂದಾಜು ನಿಮಗೆ ಅನ್ವಯ. ಅಂದಾಜು ಪ್ರತಿ ವರ್ಷ ಹೊಸದಾಗುತ್ತದೆ, ಹಳೆಯ ಅಂಕಿ ಪುಟದಿಂದ ಮಾಯವಾಗುತ್ತದೆ. ಆದ್ದರಿಂದ ಇಂದೇ ನಿಮಗೆ ಬೇಕಾದ ನಾಲ್ಕೈದು ಉದ್ಯೋಗಗಳ ಎಕ್ಸೆಲ್ ಕಡತ ಇಳಿಸಿ, ಹೆಸರಿನಲ್ಲಿ ವರ್ಷ ಬರೆದಿಡಿ. ಮುಂದಿನ ವರ್ಷದ ಕಡತದ ಜೊತೆ ಹೋಲಿಸಿದಾಗ ಯಾವ ಅಂಕಿ ನಿಂತಿದೆ, ಯಾವುದು ಜಾರಿದೆ ಎಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ.