ರಾಣಿಯ ಹೆಸರಿನಲ್ಲಿ ಟೋಪಿ: ಬ್ರಿಟನ್ನಿನಲ್ಲಿರುವ ಕನ್ನಡಿಗರು ದಯವಿಟ್ಟು ಓದಿ

ಪತ್ರಿಕೆಯ ನಡುವಿನಿಂದ ಜಾರಿ ಬೀಳುವ ಆ ಹೊಳಪಿನ ಕರಪತ್ರ ನಿಮ್ಮ ಮನೆಗೂ ಬಂದಿರುತ್ತದೆ. ಎಲಿಜಬೆತ್ ರಾಣಿ ಪಟ್ಟಕ್ಕೇರಿ ಎಪ್ಪತ್ತು ವರ್ಷವಾದ ನೆನಪಿಗೆ ಬ್ರಿಟನ್ನಿಗೆ ಸೇರಿದ ಟ್ರಿಸ್ಟಾನ್ ಡ ಕುನ್ಹಾ ದ್ವೀಪದ ಅಧಿಕೃತ ಐದು ಪೌಂಡ್ ನಾಣ್ಯ, 24 ಕ್ಯಾರಟ್ ಚಿನ್ನದ ಲೇಪ, ಸೀಮಿತ ಸಂಖ್ಯೆ, ಅಂಚೆ ವೆಚ್ಚ ಕೊಟ್ಟರೆ ಸಾಕು. ನೇರವಾಗಿ ಕಸದ ಬುಟ್ಟಿಗೆ ಹಾಕಿ. ಓದಲೂ ಬೇಡಿ.

ಮೈಸೂರಿನಲ್ಲಿರುವ ಅಪ್ಪನಿಗೆ ಹಳೆಯ ನಾಣ್ಯಗಳ ಹುಚ್ಚು. ಐದನೇ ಜಾರ್ಜ್‌ನ ಬೆಳ್ಳಿ ರೂಪಾಯಿಗಳನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾರೆ. ಅವರಿಗೆಂದೇ ತರಿಸಿದೆ. ಮೊದಲ ನಾಣ್ಯ ನೀಲಿ ಪೆಟ್ಟಿಗೆಯಲ್ಲಿ, ಪ್ರಮಾಣಪತ್ರದೊಂದಿಗೆ ಸರಿಯಾಗಿಯೇ ಬಂತು. ಸ್ವಲ್ಪ ದಿನಕ್ಕೆ ಇನ್ನೊಂದು ಪೆಟ್ಟಿಗೆ. ನಾನು ಕೇಳಿರಲಿಲ್ಲ! ರಾಣಿಯ 1977ರ ಬೆಳ್ಳಿಹಬ್ಬದ ನೆನಪಿನದಂತೆ. ಜೊತೆಗೆ ಸುಮಾರು ಐವತ್ತು ಪೌಂಡಿನ ಬಿಲ್ಲು.

ನಾಣ್ಯ ಕಳುಹಿಸಿದ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗನ ವಿನಯ ನೆನೆದರೆ ಈಗಲೂ ಮೈ ಉರಿಯುತ್ತದೆ.

“ಸರ್, ನೀವು ನಮ್ಮ ಸಂಗ್ರಾಹಕರ ಯೋಜನೆಗೆ ಸೇರಿದ್ದೀರಿ.”

“ಯಾವಾಗ ಸೇರಿದೆ?”

“ಮೊದಲ ನಾಣ್ಯ ತರಿಸಿದಾಗಲೇ, ಸರ್. ಕರಪತ್ರದ ಹಿಂಬದಿಯಲ್ಲಿ ಬರೆದಿದೆ.”

ಹುಡುಕಿದೆ. ಬರೆದಿತ್ತು. ಬೂದು ಬಣ್ಣದ ಕಾಗದದ ಮೇಲೆ ಬೂದು ಬಣ್ಣದ ಅಕ್ಷರದಲ್ಲಿ, ಕನ್ನಡಕ ಹಾಕಿಕೊಂಡು ದೀಪದ ಕೆಳಗೆ ಹಿಡಿದರೆ ಕಾಣುವಂತೆ. ಮುಂದಿನ ನಾಣ್ಯಗಳು ಬೇಡ ಎನ್ನುವವರು ಚೌಕದಲ್ಲಿ ಗುರುತು ಹಾಕಬೇಕಂತೆ. ಬೇಕು ಎನ್ನುವವರಲ್ಲ, ಬೇಡ ಎನ್ನುವವರು! “ಇದು ಪರಿಶೀಲನೆಗೆ ಮಾತ್ರ ಕಳುಹಿಸಿದ್ದು ಸರ್, ಇಷ್ಟವಾಗದಿದ್ದರೆ ಮರಳಿಸಿ” ಎಂದ. ಅಂಚೆ ವೆಚ್ಚ? “ಅದು ಗ್ರಾಹಕರದ್ದು, ಸರ್.” ಯೋಜನೆಯಿಂದ ನನ್ನ ಹೆಸರು ತೆಗೆಯಿರಿ ಎಂದೆ. ತೆಗೆದಿದ್ದೇನೆ ಎಂದ. ಎರಡನೆಯದನ್ನು ಮರಳಿಸುವ ಮೊದಲೇ ಮೂರನೆಯದು ಬಾಗಿಲಲ್ಲಿತ್ತು. ಮತ್ತೆ ಫೋನ್, ಮತ್ತೆ ಅದೇ ಸರ್, ಸರ್. ಆಮೇಲೆ ಕೆಂಪು ಅಕ್ಷರದ ಪತ್ರ: ಬಾಕಿ ಕಟ್ಟದಿದ್ದರೆ ವಸೂಲಿಯವರಿಗೆ ಒಪ್ಪಿಸುತ್ತೇವೆ ಎಂದು. ಜೀವನದಲ್ಲಿ ಒಂದು ಬಿಲ್ಲನ್ನೂ ಬಾಕಿ ಉಳಿಸಿದವನಲ್ಲ ನಾನು. ಆ ಲಕೋಟೆ ಹೆಂಡತಿಯ ಕಣ್ಣಿಗೆ ಬೀಳದಂತೆ ಎತ್ತಿಡಬೇಕಾಯಿತು.

ಮೊದಲ ನಾಣ್ಯಕ್ಕಾದರೂ ಬೆಲೆಯಿದೆಯೇ ಎಂದು ಪೇಟೆಯ ಹಳೆಯ ನಾಣ್ಯದ ಅಂಗಡಿಗೆ ಒಯ್ದೆ. ಮುದುಕ ಭೂತಗನ್ನಡಿಯನ್ನೂ ಎತ್ತಿಕೊಳ್ಳಲಿಲ್ಲ. ಪ್ರಮಾಣಪತ್ರ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟ: ತಾಮ್ರ ಮತ್ತು ನಿಕ್ಕಲ್. ಚಿನ್ನ ಮೇಲಿನ ಲೇಪ ಮಾತ್ರ, ಕೆರೆದರೆ ಉಗುರಿಗೂ ಹತ್ತುವುದಿಲ್ಲ ಎಂದ. ಮೇಜಿನ ಕೆಳಗಿನ ಖಾನೆ ಎಳೆದು ತೋರಿಸಿದ. ತುಂಬ ಇಂಥವೇ, ಪೆಟ್ಟಿಗೆಯೂ ಅದೇ ನೀಲಿ. ತೀರಿಕೊಂಡವರ ಮನೆಯವರು ತಂದು ಕೊಟ್ಟುಹೋಗುತ್ತಾರಂತೆ. 1977ರ ಬೆಳ್ಳಿಹಬ್ಬಕ್ಕೆ ಬ್ರಿಟನ್ ತಾನೇ ಕ್ರೌನ್ ಎಂಬ ದೊಡ್ಡ ನೆನಪಿನ ನಾಣ್ಯವನ್ನು ಸುಮಾರು 3.7 ಕೋಟಿ ಅಚ್ಚು ಹಾಕಿಸಿತ್ತು, ಅವನ್ನೇ ಕೇಳುವವರಿಲ್ಲ ಎಂದ. ಬ್ಯಾಂಕಿನವರು ಐದು ಪೌಂಡಿಗೂ ತೆಗೆದುಕೊಳ್ಳಲಿಲ್ಲ.

ದ್ವೀಪದವರ ಮೇಲೆ ನನಗೆ ಸಿಟ್ಟಿಲ್ಲ. ದಕ್ಷಿಣ ಅಟ್ಲಾಂಟಿಕ್‌ನ ನಡುವೆ 250 ಜನರೂ ಇಲ್ಲದ ಊರು. ವಿಮಾನ ನಿಲ್ದಾಣವಿಲ್ಲ, ಕೇಪ್‌ಟೌನ್‌ನಿಂದ ಹಡಗಿನಲ್ಲಿ ಹೆಚ್ಚುಕಡಿಮೆ ಒಂದು ವಾರದ ದಾರಿ. ಸಿಗಡಿಯನ್ನು ಹೋಲುವ ಲಾಬ್‌ಸ್ಟರ್ ಹಿಡಿದು ಮಾರುತ್ತಾರೆ, ಅಂಚೆಚೀಟಿ ಮತ್ತು ನಾಣ್ಯಗಳಿಂದ ಒಂದಿಷ್ಟು ಆದಾಯ. ಅಲ್ಲಿ ಟಂಕಸಾಲೆಯೇ ಇಲ್ಲ, ದಿನದ ವ್ಯವಹಾರವೆಲ್ಲ ಬ್ರಿಟಿಷ್ ಪೌಂಡಿನಲ್ಲಿ. ಕರಪತ್ರದಲ್ಲಿ ‘ಸೀಮಿತ’ ಎಂದ ಸಂಖ್ಯೆಗೆ ಐದು ಅಂಕಿ, ದ್ವೀಪದ ಜನಸಂಖ್ಯೆಗೆ ಮೂರು. ಯಾರ ಜೇಬಿಗಾಗಿ ಅಚ್ಚು ಹಾಕಿದ್ದಾರೆ ನೀವೇ ಲೆಕ್ಕ ಹಾಕಿ.

ತರಿಸಿಯೇ ಬಿಟ್ಟಿದ್ದರೆ, ಇಲ್ಲಿನ ಕಾನೂನಿನಂತೆ ದೂರದಿಂದ ಕೊಂಡ ವಸ್ತು ಕೈಸೇರಿದ 14 ದಿನಗಳೊಳಗೆ ಬೇಡವೆನ್ನಬಹುದು. ನೀವು ಕೇಳದೆಯೇ ಬಂದ ವಸ್ತುವಿಗೆ ಹಣ ಕೊಡಬೇಕಾಗಿಯೇ ಇಲ್ಲ. ಫೋನ್ ಮಾಡಬೇಡಿ, ಬರೆದು ಕಳುಹಿಸಿ. ಫೋನಿನಲ್ಲಿ ಆಡಿದ ಮಾತನ್ನು ಅವರು ಮರುದಿನವೇ ಮರೆಯುತ್ತಾರೆ. ಮರಳಿಸುವಾಗ ಸಹಿ ಪಡೆಯುವ ಅಂಚೆಯಲ್ಲೇ ಕಳುಹಿಸಿ. ನನ್ನ ಎರಡೂ ಪೆಟ್ಟಿಗೆ “ನಮಗೆ ತಲುಪಿಯೇ ಇಲ್ಲ, ಸರ್” ಎಂದಿದ್ದರು. ಅವರದೇ ಕಚೇರಿಯವರ ಸಹಿ ಇದ್ದ ರಸೀದಿಯ ಚಿತ್ರ ಕಳುಹಿಸಿದ ಮೇಲೆ ಕೆಂಪು ಪತ್ರ ನಿಂತಿತು. ಕ್ಷಮೆ ಕೇಳಲಿಲ್ಲ.